ವಿಷವನ್ನು ಕಂಡು ಹಿಂದೆ ಸರಿದ ಗುರುಗಳು

ಪಾಷಾಣವೆಂದರೆ ಇಲಿ ಕೊಲ್ಲುವ ವಿಷವೆಂದು ನಮ್ಮ ಹಿರಿಯರು ಬಲ್ಲರು. ಅದೇ ಪಾಷಾಣದಿಂದ, ಅರ್ಥಾತ್ ಆರ್ಸೆನಿಕ್‌ನಿಂದ, ಮನುಷ್ಯರ ಮೈಯಲ್ಲಿ ಬೊಬ್ಬೆ ಎಬ್ಬಿಸುವ ಯುದ್ಧವಿಷವೊಂದು ಹುಟ್ಟಿತು. ಅದರ ಹೆಸರು ಲೂಯಿಸೈಟ್. ಅದರ ಮೂಲ ಕಥೋಲಿಕ ಗುರುಗಳೊಬ್ಬರ ಪ್ರಬಂಧದಲ್ಲಿದೆಯೆಂಬುದನ್ನು ಬಲ್ಲವರು ವಿರಳ.

ವಂದನೀಯ ಜೂಲಿಯಸ್ ನ್ಯೂಲೆಂಡ್‌ರವರು 1878ರಲ್ಲಿ ಬೆಲ್ಜಿಯಂ ದೇಶದಲ್ಲಿ ಜನಿಸಿದರು. ಎರಡು ವರ್ಷದ ಮಗುವಾಗಿದ್ದಾಗ ತಂದೆತಾಯಿಗಳು ಅಮೆರಿಕದ ಸೌತ್ ಬೆಂಡ್ ನಗರಕ್ಕೆ ವಲಸೆ ಹೋದರು. ಅಲ್ಲಿನ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಓದಿ, ಪವಿತ್ರ ಶಿಲುಬೆಯ ಸಭೆಯನ್ನು ಸೇರಿ, 1903ರಲ್ಲಿ ಗುರುದೀಕ್ಷೆ ಪಡೆದರು. ಬಳಿಕ ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಅಸಿಟಿಲೀನ್ ಅನಿಲವನ್ನು ಕುರಿತು ಸಂಶೋಧನೆ ಮಾಡುತ್ತಿದ್ದಾಗ, ಪ್ರಯೋಗವೊಂದರಲ್ಲಿ ಹುಟ್ಟಿದ ಆರ್ಸೆನಿಕ್ ವಿಷದಿಂದ ಅಸ್ವಸ್ಥರಾಗಿ ಕೆಲವು ದಿನ ಆಸ್ಪತ್ರೆ ಸೇರಿದರು. ಆ ಜಾಡನ್ನು ಅಲ್ಲಿಗೇ ಕೈಬಿಟ್ಟರು. ಆದರೆ ಕಂಡದ್ದನ್ನು 1904ರ ತಮ್ಮ ಪ್ರಬಂಧದಲ್ಲಿ ಪ್ರಾಮಾಣಿಕವಾಗಿ ದಾಖಲಿಸಿದ್ದರು.

ಹದಿನಾಲ್ಕು ವರ್ಷ ಕಳೆಯಿತು. ಮಹಾಯುದ್ಧದಲ್ಲಿ ಜರ್ಮನರ ಸಾಸಿವೆ ಅನಿಲ ಸೈನಿಕರನ್ನು ಬೇಯಿಸುತ್ತಿತ್ತು. ಅದಕ್ಕೆ ಪ್ರತಿಯಾದ ಅಸ್ತ್ರವನ್ನು ಹುಡುಕುತ್ತಿದ್ದ ಅಮೆರಿಕ ಸೇನೆಯ ರಸಾಯನಜ್ಞ ವಿನ್‌ಫರ್ಡ್ ಲೀ ಲೂಯಿಸ್‌ರಿಗೆ 1918ರಲ್ಲಿ ಈ ಪ್ರಬಂಧ ದೊರೆಯಿತು. ಅದರತ್ತ ಬೆರಳು ತೋರಿದವರು ನ್ಯೂಲೆಂಡರ ಮಾರ್ಗದರ್ಶಕರಾಗಿದ್ದ ಗ್ರಿಫಿನ್ ಗುರುಗಳೇ. ವಿಷಕ್ಕೆ ಲೂಯಿಸರ ಹೆಸರು ಬಂದಿತು. ಅದು ರಣರಂಗ ತಲುಪುವ ಮುನ್ನ ಯುದ್ಧ ಮುಗಿಯಿತು. ಮುಂದೆ ಚೀನಾದಲ್ಲಿ ಜಪಾನಿ ಸೇನೆ ಅದನ್ನು ಬಳಸಿತು.

ದೇಹದ ಪ್ರೋಟೀನುಗಳಲ್ಲಿರುವ ಗಂಧಕವನ್ನು ಆರ್ಸೆನಿಕ್ ಹಿಡಿದುಕೊಂಡು ಜೀವಕೋಶಗಳನ್ನು ಕೆಡಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ಮತ್ತು ಸಂಗಡಿಗರು, ಗಂಧಕವುಳ್ಳ ಔಷಧವೊಂದನ್ನೇ ಆಮಿಷವಾಗಿ ಒಡ್ಡಿ ಆ ವಿಷವನ್ನು ಬಿಡಿಸುವ ಉಪಾಯ ಕಂಡರು. ಡೈಮರ್ಕಾಪ್ರಾಲ್ ಎಂಬ ಆ ಮದ್ದು ಪಾಷಾಣ ಸೇವಿಸಿದವರ ಚಿಕಿತ್ಸೆಗೂ ಒದಗಿತು.

ನ್ಯೂಲೆಂಡರು ಆ ಪುಟವನ್ನು ಸುಟ್ಟುಬಿಡಬೇಕಿತ್ತೆ? ಕರ್ಮವನ್ನು ಉದ್ದೇಶದೊಡನೆ ತೂಗಬೇಕೆಂದು ನಾವು ಸೆಮಿನರಿಯಲ್ಲಿ ಕಲಿತೆವು. ಆ ತಕ್ಕಡಿಯಲ್ಲಿ ಅವರು ನಿರ್ದೋಷಿಗಳು. ಯುದ್ಧಕ್ಕೆಂದು ಅರಿತೂ ಆ ಪುಟವನ್ನು ತೆರೆದುಕೊಟ್ಟವರನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ನಮಗೆ ಮನಸ್ಸಾಗದು.

ನೋಟರ್ ಡೇಮ್‌ಗೆ ಮರಳಿದ ನ್ಯೂಲೆಂಡರು ಬಹುಕಾಲ ಸಸ್ಯಶಾಸ್ತ್ರ ಬೋಧಿಸಿದರು. 1909ರಲ್ಲಿ ಪ್ರಕೃತಿವಿಜ್ಞಾನದ ಪತ್ರಿಕೆಯೊಂದನ್ನು ಸ್ಥಾಪಿಸಿದರು. ಎನ್. ಬೇಗೂರಿನ ಕಾಡಂಚಿನವರಾದ ನಮಗೆ ಈ ಗಿಡಮರಗಳ ನಂಟು ವಿಶೇಷ ಪ್ರಿಯವೆನಿಸುತ್ತದೆ. ಅಸಿಟಿಲೀನನ್ನು ಮಾತ್ರ ಅವರು ಮರೆಯಲಿಲ್ಲ. ಅವರ ಸಂಶೋಧನೆಯ ಆಧಾರದ ಮೇಲೆ ಡ್ಯುಪಾಂಟ್ ಕಂಪನಿ 1931ರಲ್ಲಿ ಎಣ್ಣೆಗೆ ಕೆಡದ ಕೃತಕ ರಬ್ಬರನ್ನು ಪ್ರಕಟಿಸಿತು. ಇಂದಿಗೂ ಬಳಕೆಯಲ್ಲಿರುವ ನಿಯೋಪ್ರೀನ್ ಅದೇ. ಬಡತನದ ವ್ರತ ಸ್ವೀಕರಿಸಿದ್ದರಿಂದ ಅದರ ಗೌರವಧನವೆಲ್ಲ ವಿಶ್ವವಿದ್ಯಾಲಯಕ್ಕೆ ಸಂದಿತು.

1936ರ ಜೂನ್ 11ರಂದು, ತಾವು ಹಿಂದೆ ಓದಿದ್ದ ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾಲಯಕ್ಕೆ ಹೋಗಿದ್ದಾಗ, ಅಲ್ಲಿನ ಪ್ರಯೋಗಶಾಲೆಯಲ್ಲಿಯೇ ಹೃದಯಾಘಾತದಿಂದ ನಿಧನರಾದರು. ಆಗ ಅವರ ವಯಸ್ಸು 58.