ವಜಾ ಆದವರನ್ನು ವಾಪಸ್ ಕರೆದ ರೈಲ್ವೆ ಮಂತ್ರಿ

ಮುಷ್ಕರ ಮಾಡಿ ಕೆಲಸ ಕಳೆದುಕೊಂಡವರನ್ನು ಮತ್ತೆ ಕೆಲಸಕ್ಕೆ ತಗೋಬೇಕಾ, ಬೇಡ್ವಾ? 2021ರ ಏಪ್ರಿಲ್‌ನಲ್ಲಿ ಕರ್ನಾಟಕದ ಸಾರಿಗೆ ನೌಕರರು ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ ಅಂತ ಬಸ್ ನಿಲ್ಲಿಸಿದಾಗ ವಜಾ, ಅಮಾನತು, ವರ್ಗಾವಣೆಗಳ ಸರಮಾಲೆಯೇ ನಡೆಯಿತು. ಆಮೇಲೆ ಅವರನ್ನು ವಾಪಸ್ ಕರೆಯುವ ಮಾತು ತಿಂಗಳುಗಟ್ಟಲೆ ಎಳೆಯಿತು. ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗೋದು ಮಧು ದಂಡವತೆ. ಇವತ್ತಿನ ತಲೆಮಾರಿಗೆ ಈ ಹೆಸರು ಅಷ್ಟಾಗಿ ಗೊತ್ತಿಲ್ಲ, ಗೊತ್ತಾಗಬೇಕು.

ದಂಡವತೆ ಹುಟ್ಟಿದ್ದು 1924ರಲ್ಲಿ, ಮಹಾರಾಷ್ಟ್ರದ ಅಹಮದ್‌ನಗರದಲ್ಲಿ. ಓದಿದ್ದು ಭೌತಶಾಸ್ತ್ರ, ಪಾಠ ಹೇಳಿದ್ದು ಅಂಬೇಡ್ಕರ್ ಕಟ್ಟಿದ ಮುಂಬೈನ ಸಿದ್ಧಾರ್ಥ ಕಾಲೇಜಿನಲ್ಲಿ. 1942ರ ಚಳವಳಿ ನೋಡಿ ಬೆಳೆದ ಸಮಾಜವಾದಿ. 1955ರ ಗೋವಾ ವಿಮೋಚನಾ ಸತ್ಯಾಗ್ರಹದಲ್ಲೂ ಇದ್ದರು. 1971ರಿಂದ ಸತತ ಐದು ಸಲ ಕೊಂಕಣದ ರಾಜಾಪುರದಿಂದ ಲೋಕಸಭೆಗೆ ಗೆದ್ದರು.

ಅವರ ಬದುಕಿಗೂ ಬೆಂಗಳೂರಿಗೂ ಒಂದು ನಂಟಿದೆ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಅವರು ಸಂಸದೀಯ ಸಮಿತಿಯೊಂದರ ಕೆಲಸಕ್ಕೆ ಇಲ್ಲಿಗೆ ಬಂದಿದ್ದರು. ವಾಜಪೇಯಿ, ಅಡ್ವಾಣಿ ಕೂಡ ಅದೇ ಕೆಲಸಕ್ಕೆ ಬಂದಿದ್ದರು. ಎಲ್ಲರನ್ನೂ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ನಾವು ಪ್ರತಿಭಟನೆ ಮಾಡೋಕೆ ಹೋಗೋ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಆ ಜೈಲು. ಹೆಂಡತಿ ಪ್ರಮೀಳಾ ಪುಣೆಯ ಯರವಾಡಾ ಜೈಲಿನಲ್ಲಿದ್ದರು. ಗಂಡ ಹೆಂಡತಿಯ ನಡುವೆ ಉಳಿದಿದ್ದು ಪತ್ರಗಳು ಮಾತ್ರ.

ಇದಕ್ಕೂ ಒಂದು ವರ್ಷ ಮೊದಲು, 1974ರ ಮೇ 8ರಂದು ರೈಲ್ವೆ ಮುಷ್ಕರ ಶುರುವಾಗಿತ್ತು. ಸುಮಾರು 17 ಲಕ್ಷ ನೌಕರರು, ಇಪ್ಪತ್ತು ದಿನ. ಮುಂದಾಳು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮುಷ್ಕರ ಶುರುವಾಗುವ ಮೊದಲೇ, ಮೇ 2ರಂದು, ಅವರ ಬಂಧನವಾಗಿತ್ತು. ಕೇಳಿದ್ದೇನು? ದಿನಕ್ಕೆ ಎಂಟು ಗಂಟೆ ಕೆಲಸ, ಬೋನಸ್, ಬೆಲೆ ಏರಿದಂತೆ ತುಟ್ಟಿಭತ್ಯೆ, ಸರ್ಕಾರಿ ಉದ್ಯಮಗಳ ನೌಕರರಿಗೆ ಸಮನಾದ ಸಂಬಳ. ಎಂಜಿನ್ ಓಡಿಸುವವರಿಗೆ ಡ್ಯೂಟಿ ಯಾವಾಗ ಮುಗಿಯುತ್ತದೆ ಅನ್ನೋದೇ ಖಾತ್ರಿ ಇಲ್ಲದ ಕಾಲ ಅದು.

ಇಂದಿರಾ ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿತು. ಕ್ವಾರ್ಟರ್ಸ್‌ಗಳಿಂದ ಹೆಂಡತಿ ಮಕ್ಕಳನ್ನು ಹೊರಹಾಕಿತು. ಕೆಲಸದಿಂದ ತೆಗೆಯೋಕೆ ವಿಚಾರಣೆಯೂ ಬೇಕಿರಲಿಲ್ಲ. 1968ರ ರೈಲ್ವೆ ಶಿಸ್ತು ನಿಯಮಗಳ 14(2)ನೇ ನಿಯಮದಡಿ, ವಿಚಾರಣೆ ನಡೆಸೋದು ಸಾಧ್ಯವಿಲ್ಲ ಅಂತ ಅಧಿಕಾರಿ ಕಾರಣ ಬರೆದಿಟ್ಟರೆ ಸಾಕು, ನೌಕರಿ ಹೋಯ್ತು. ಇನ್ನೊಂದು ಕಡೆ, ಮುಷ್ಕರಕ್ಕೆ ಬಾರದವರನ್ನು ನಿಷ್ಠಾವಂತರು ಅಂತ ಕರೆದು ಮುಂಗಡ ಇನ್‌ಕ್ರಿಮೆಂಟ್, ಮಕ್ಕಳಿಗೆ ನೌಕರಿ ಕೊಟ್ಟರು. ಕೆಲಸಕ್ಕೆ ವಾಪಸ್ ಬಂದ ಮುಷ್ಕರನಿರತರ ಸರ್ವಿಸ್ ಬುಕ್‌ನಲ್ಲೂ ಸೇವೆ ಮುರಿದಿದೆ ಅನ್ನೋ ಗುರುತು ಬಿತ್ತು.

1977ರ ಮಾರ್ಚ್‌ನಲ್ಲಿ ಜನತಾ ಸರ್ಕಾರ ಬಂತು, ದಂಡವತೆ ರೈಲ್ವೆ ಮಂತ್ರಿಯಾದರು. ಜೈಲಿನಿಂದ ಬಂದ ಮನುಷ್ಯನ ಮೇಜಿನ ಮೇಲೆ ಈ ಕಡತ ಕಾದಿತ್ತು. ಮುಷ್ಕರದ ಕಾರಣಕ್ಕೆ ಕೆಲಸ ಕಳೆದುಕೊಂಡವರನ್ನು ವಾಪಸ್ ತಗೊಳ್ಳುವ ನಿರ್ಧಾರವನ್ನು ಅವರು ತಡಮಾಡದೆ ತಗೊಂಡರು.

ಈ ನಿರ್ಧಾರದಲ್ಲಿ ನನಗೆ ಮುಖ್ಯ ಅನಿಸೋದು ಒಂದು ಸಣ್ಣ ವಿವರ. ಅವರು ಸೇವೆಯ ಮುರಿತವನ್ನೂ ಅಳಿಸಿದರು. ಇದು ಬರೀ ಗುಮಾಸ್ತರ ಲೆಕ್ಕಾಚಾರ ಅಂತ ಅನ್ನಿಸಬಹುದು, ಆದರೆ ಪೆನ್ಷನ್, ಗ್ರಾಚ್ಯುಟಿ, ಸೀನಿಯಾರಿಟಿ ಎಲ್ಲ ನಿಂತಿರೋದು ಅದರ ಮೇಲೆ. ಇಪ್ಪತ್ತು ವರ್ಷ ದುಡಿದವನನ್ನು ಹೊಸಬನ ಹಾಗೆ ಮತ್ತೆ ನೇಮಿಸಿಕೊಂಡರೆ ಅದು ದಯೆ. ಹಳೇ ಸೇವೆಯ ಸಮೇತ ಕರೆದುಕೊಂಡರೆ, ತೆಗೆದುಹಾಕಿದ್ದೇ ತಪ್ಪು ಅಂತ ಸರ್ಕಾರ ಒಪ್ಪಿಕೊಂಡ ಹಾಗೆ.

ಎದುರು ವಾದವೂ ಹಗುರದ್ದಲ್ಲ. ರೈಲು ನಿಂತರೆ ಕಲ್ಲಿದ್ದಲು, ಧಾನ್ಯ ಎಲ್ಲ ನಿಲ್ಲುತ್ತೆ. ಹೀಗೆ ವಾಪಸ್ ಕರೆದರೆ ಶಿಸ್ತಿಗೆ ಬೆಲೆ ಎಲ್ಲಿದೆ? ಬೈಗುಳ ತಿಂದುಕೊಂಡು ಡ್ಯೂಟಿ ಮಾಡಿದವರು ಏನಂದುಕೊಳ್ಳಬೇಕು? ಈ ಪ್ರಶ್ನೆಗಳನ್ನು ನಾನು ತಳ್ಳಿಹಾಕಲ್ಲ. ಆದರೆ ವಿಚಾರಣೆಯೇ ಇಲ್ಲದೆ ಕೊಟ್ಟ ಶಿಕ್ಷೆಯನ್ನು ಶಿಸ್ತು ಅಂತ ಕರೆಯೋಕೆ ಆಗಲ್ಲ. ಯಾರಾದರೂ ನಿಜಕ್ಕೂ ಹಿಂಸೆ ಮಾಡಿದ್ದರೆ ಅದಕ್ಕೆ ಕೋರ್ಟಿದೆ, ಸಾಕ್ಷಿಯಿದೆ. ಮುಷ್ಕರ ಮಾಡಿದ್ದೇ ಅಪರಾಧ ಅಂದಾಗ ಮಾತ್ರ ವಿಚಾರಣೆ ಬೇಡ ಅನಿಸುತ್ತೆ.

ಬೇರೆಯವರು ಏನು ಮಾಡಿದರು ನೋಡಿ. ಅಮೆರಿಕದಲ್ಲಿ 1981ರ ಆಗಸ್ಟ್‌ನಲ್ಲಿ ರೊನಾಲ್ಡ್ ರೇಗನ್ 11 ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ವಜಾ ಮಾಡಿ, ಮತ್ತೆ ಆ ಕೆಲಸಕ್ಕೆ ಬರದಂತೆ ನಿಷೇಧ ಹಾಕಿದರು. ಅದು ತೆರವಾಗೋಕೆ 1993ರಲ್ಲಿ ಕ್ಲಿಂಟನ್ ಬರಬೇಕಾಯಿತು. ಅಷ್ಟರಲ್ಲಿ ಅವರ ದುಡಿಯುವ ವಯಸ್ಸಿನ ಹನ್ನೆರಡು ವರ್ಷ ಹೋಗಿತ್ತು. 2003ರಲ್ಲಿ ತಮಿಳುನಾಡಿನಲ್ಲಿ ಜಯಲಲಿತಾ ಒಂದೂವರೆ ಲಕ್ಷಕ್ಕೂ ಹೆಚ್ಚು ನೌಕರರನ್ನು ಒಂದೇ ಏಟಿಗೆ ತೆಗೆದರು. ಸುಪ್ರೀಂ ಕೋರ್ಟ್ ಮುಷ್ಕರಕ್ಕೆ ನೈತಿಕ ಹಕ್ಕೂ ಇಲ್ಲ ಅಂದಿತು, ಬಹುಪಾಲು ಜನ ಕ್ಷಮೆ ಬರೆದುಕೊಟ್ಟು ಒಳಗೆ ಬಂದರು. ಕೆಲಸ ಸಿಕ್ಕಿತು, ತಲೆ ತಗ್ಗಿಸಿದ್ದು ಹಾಗೇ ಉಳಿಯಿತು.

ದಂಡವತೆ ಮಂತ್ರಿಯಾಗಿದ್ದು ಎರಡು ವರ್ಷ ಚಿಲ್ಲರೆ ಅಷ್ಟೇ. ಎರಡನೇ ದರ್ಜೆಯ ಮರದ ಬರ್ತ್‌ಗೆ ಫೋಮ್ ಹಾಕಿಸಿದರು. 1977ರ ಡಿಸೆಂಬರ್‌ನಲ್ಲಿ ಪ್ರಥಮ ದರ್ಜೆಯೇ ಇಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ಸನ್ನು ಮುಂಬೈನಿಂದ ಹೌರಾಕ್ಕೆ ಓಡಿಸಿದರು. 1990ರಲ್ಲಿ ಅವರು ಹಣಕಾಸು ಮಂತ್ರಿ, ಫರ್ನಾಂಡಿಸ್ ರೈಲ್ವೆ ಮಂತ್ರಿ. ಇಬ್ಬರೂ ಸೇರಿ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. ಇವತ್ತು ಕಾರವಾರ, ಉಡುಪಿಯ ಹುಡುಗರು ಮುಂಬೈಗೆ ಹೋಗೋದು ಅದೇ ಹಳಿಯ ಮೇಲೆ. 2005ರ ನವೆಂಬರ್ 12ರಂದು ಮುಂಬೈನಲ್ಲಿ ತೀರಿಕೊಂಡರು.

ಈಗ ಪೌರಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು, ಫ್ಯಾಕ್ಟರಿ ಹುಡುಗರು ಬೀದಿಗಿಳಿದಾಗ ಸಂಬಳದ ಬೇಡಿಕೆ ಬಗ್ಗೆ ನಾವು ಜೋರಾಗಿ ಮಾತಾಡ್ತೀವಿ. ಹೋರಾಟ ಮುಗಿದು ಆರು ತಿಂಗಳಾದ ಮೇಲೆ ಗೇಟಿನ ಹೊರಗೆ ಉಳಿದವರು ಯಾರು ಅಂತ ಎಷ್ಟು ಜನ ಕೇಳ್ತೀವಿ? ಮುಂದಿನ ಸಲ ಮರುನೇಮಕದ ಸುದ್ದಿ ಬಂದಾಗ, ಹಳೇ ಸೇವೆಯನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ಅಂತಲೂ ಕೇಳಿ.