ಹೊರನಾಡ ಕನ್ನಡಿಗ ವಿಶ್ವೇಶ್ವರಯ್ಯ ಮತ್ತು ಮೂಸಿಯ ಲೆಕ್ಕ

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಕನ್ನಡ ಸಂಘಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಮೈಸೂರು ಪೇಟ, ಕನ್ನಂಬಾಡಿ ಕಟ್ಟೆ, ದಿವಾನಗಿರಿ, ಭಾರತರತ್ನ ಎಲ್ಲವೂ ನಮಗೆ ಬಾಯಿಪಾಠ. ಆದರೆ ಒಂದು ಸಂಗತಿ ಅಷ್ಟಾಗಿ ನೆನಪಾಗುವುದಿಲ್ಲ. 1909ರ ಕೊನೆಯಲ್ಲಿ ಮೈಸೂರಿಗೆ ಮರಳುವ ಮುನ್ನ ಅವರು ಸುಮಾರು ಕಾಲು ಶತಮಾನ ನಮ್ಮ ಹಾಗೆಯೇ ಹೊರನಾಡ ಕನ್ನಡಿಗರಾಗಿದ್ದರು. ಇಂದು ನಾವು ಬದುಕುತ್ತಿರುವ ಊರುಗಳಲ್ಲೇ ಅವರ ವೃತ್ತಿಜೀವನದ ಮೊದಲ ಅರ್ಧ ಕಳೆಯಿತು. ಆ ಅವಧಿಯ ಕೊನೆಯ ಕೆಲಸ ಹೈದರಾಬಾದಿನದು. ಇಂದು ಎಲ್ಲೆಡೆ ಕೇಳಿಬರುವ ವಿಪತ್ತಿನ ಅಪಾಯದ ಅಂದಾಜು ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಹುಡುಗನಿಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ, ಎಂಜಿನಿಯರಿಂಗ್ ಕಲಿಯಲು ಪುಣೆಗೆ ಹೋದರು. 1883ರಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಮುಂದಿನ ವರ್ಷಗಳಲ್ಲಿ ಅವರು ನೀರಿನ ಎಲ್ಲ ಸ್ವಭಾವಗಳನ್ನೂ ಕಂಡರು. ಸಿಂಧ್‌ನ ಸಕ್ಕರ್‌ನಲ್ಲಿ ಸಿಂಧೂ ನದಿಯ ಕೆಸರು ನೀರನ್ನು ಕುಡಿಯುವ ನೀರಾಗಿಸುವ ಯೋಜನೆ, ಪುಣೆಯ ಸುತ್ತ ನೀರಾವರಿ, ಮರಳುಗಾಡಿನ ಏಡನ್‌ನಲ್ಲಿ ನೀರು ಮತ್ತು ಚರಂಡಿ. ಪುಣೆಯ ಖಡಕ್‌ವಾಸ್ಲಾದ ಅಣೆಕಟ್ಟೆಯಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಪ್ರಸಿದ್ಧ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕು, ಆದರೆ ಪ್ರವಾಹ ಬಂದಾಗ ಕಟ್ಟೆಗೆ ಅಪಾಯವಾಗಬಾರದು. ನೀರು ನಿಗದಿತ ಮಟ್ಟ ಮೀರಿದೊಡನೆ ಬಾಗಿಲು ತಾನಾಗಿ ತೆರೆಯುತ್ತದೆ, ಇಳಿದ ಮೇಲೆ ತಾನಾಗಿ ಮುಚ್ಚುತ್ತದೆ. ನಡುರಾತ್ರಿ ಯಾರಾದರೂ ಎಚ್ಚರವಿರುತ್ತಾರೆ ಎಂಬ ನಂಬಿಕೆಯ ಮೇಲೆ ಊರಿನ ಸುರಕ್ಷತೆಯನ್ನು ಬಿಡಬಾರದು ಎಂಬುದು ಆ ವಿನ್ಯಾಸದ ಒಳಗುಟ್ಟು.

1908ರಲ್ಲಿ ಅವರು ಸ್ವಇಚ್ಛೆಯಿಂದ ನಿವೃತ್ತರಾಗಿ ಯುರೋಪ್ ಪ್ರವಾಸಕ್ಕೆ ಹೊರಟರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಬಂತು. ಸುಮಾರು 15,000 ಜನ ಸತ್ತರೆಂದು ಹೇಳುತ್ತಾರೆ. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆ ಮರವನ್ನೇರಿ ಸುಮಾರು 150 ಜನ ಬದುಕಿಕೊಂಡರು. ನಿಜಾಮರ ಸರ್ಕಾರದ ಆಹ್ವಾನದ ಮೇರೆಗೆ ವಿಶ್ವೇಶ್ವರಯ್ಯ 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು. ಅವರಿಗೆ ವಹಿಸಿದ್ದು ಮೂರು ಕೆಲಸ: ನಗರದ ಪುನರ್ನಿರ್ಮಾಣಕ್ಕೆ ಸಲಹೆ, ಮುಂದಿನ ಪ್ರವಾಹಗಳಿಂದ ರಕ್ಷಣೆ, ಒಳಚರಂಡಿ ಯೋಜನೆ.

ಎಲ್ಲರೂ ದೈವಕೋಪ ಎಂದು ಕೈಮುಗಿಯುವ ಹೊತ್ತಿನಲ್ಲಿ ಅವರು ಲೆಕ್ಕ ಮಾಡಲು ಕುಳಿತರು. ಮೊದಲ ಪ್ರಶ್ನೆ, ಮಳೆ ಎಷ್ಟು ಬಿತ್ತು? ಇಂದು ವಿಮಾನ ನಿಲ್ದಾಣವಿರುವ ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, ಅಂದರೆ 32 ಸೆಂಟಿಮೀಟರಿಗೂ ಹೆಚ್ಚು. ಎರಡನೆಯದು, ಆ ನೀರು ಎಲ್ಲಿಂದ, ಹೇಗೆ ಬಂತು? ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಅದರ ಉಪನದಿ ಈಸಿಗೆ ನೀರು ಹರಿದು ಬರುವ ಪ್ರದೇಶ 862 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಆ ಮಳೆಗೆ ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದೂ ಒಡೆಯುತ್ತದೆ. ನಗರವನ್ನು ಮುಳುಗಿಸಿದ್ದು ಆಕಾಶದ ಮಳೆಯೊಂದೇ ಅಲ್ಲ, ಸರಣಿಯಾಗಿ ಸೋತ ಕೆರೆ ಏರಿಗಳೂ ಹೌದು. ಗರಿಷ್ಠ ಪ್ರವಾಹ ಸುಮಾರು 4,25,000 ಕ್ಯೂಸೆಕ್ ಎಂದು ಅಂದಾಜಾಯಿತು.

ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು. ಇಂಥ ಮಳೆ ಮತ್ತೆ ಬಂದೀತೇ? ಸ್ಥಳೀಯ ದಾಖಲೆಗಳು ಸಾಲದಾಗಿದ್ದರಿಂದ ಅವರು ಬೇರೆ ಪ್ರಾಂತ್ಯಗಳ ಮಳೆಯ ಅಂಕಿಅಂಶಗಳನ್ನೂ ತರಿಸಿ ಹೋಲಿಸಿದರು. ಒಮ್ಮೆ ಬಂದದ್ದು ಮತ್ತೆ ಬರಬಹುದು ಎಂದೇ ಲೆಕ್ಕ ಹಿಡಿದರು. ನಮ್ಮ ಐಟಿ ಕಚೇರಿಗಳಲ್ಲಿ ರಿಸ್ಕ್ ಅಸೆಸ್‌ಮೆಂಟ್ ಎಂಬ ಹೆಸರಿನಲ್ಲಿ ನಾವು ತುಂಬುವ ಕೋಷ್ಟಕಗಳಲ್ಲೂ ಇರುವುದು ಇದೇ: ಏನಾಗಬಹುದು, ಎಷ್ಟು ಬಾರಿ ಆಗಬಹುದು, ಆದರೆ ಯಾರಿಗೆ ಎಷ್ಟು ನಷ್ಟ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರು ಅದನ್ನು ಒಂದು ಇಡೀ ನಗರಕ್ಕಾಗಿ ಮಾಡಿದರು, ಅದೂ ಆರು ತಿಂಗಳೊಳಗೆ. ವರದಿ ಸಲ್ಲಿಸಿದ್ದು 1909ರ ಅಕ್ಟೋಬರ್ 1ರಂದು.

ಪರಿಹಾರ ಸರಳವಾಗಿತ್ತು. ನಗರದೊಳಗೆ ನದಿಯ ಜೊತೆ ಗುದ್ದಾಡುವ ಬದಲು ಊರಿನ ಮೇಲ್ಗಡೆಯೇ ಮೂಸಿಗೊಂದು, ಈಸಿಗೊಂದು ಜಲಾಶಯ ಕಟ್ಟಿ ಪ್ರವಾಹವನ್ನು ತಡೆದು, ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಕುಡಿಯುವ ನೀರಿನ ಜಲಾಶಯ ತುಂಬಿದ್ದಷ್ಟೂ ನಮಗೆ ಸಂತೋಷ. ಪ್ರವಾಹ ತಡೆಯುವ ಜಲಾಶಯದಲ್ಲಿ ಖಾಲಿ ಇರುವ ಜಾಗವೇ ಊರಿನ ರಕ್ಷಣೆ. ಮುಂದೆ ಬೇರೆ ಎಂಜಿನಿಯರುಗಳ ಕೈಯಲ್ಲಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಅವರು ತವರಿಗೆ ಮರಳಿದರು. ಕನ್ನಂಬಾಡಿ, 1912ರಿಂದ 1918ರವರೆಗಿನ ದಿವಾನಗಿರಿ ನಮಗೆಲ್ಲ ಗೊತ್ತಿರುವ ಕಥೆ. ಪ್ರವಾಹದ ಲೆಕ್ಕ ಮಾತ್ರ ಅವರನ್ನು ಬಿಡಲಿಲ್ಲ. ಒಡಿಶಾದ ಮಹಾನದಿ ಪ್ರವಾಹದ ನಂತರ ಗಾಂಧೀಜಿಯವರ ಕೋರಿಕೆಯ ಮೇಲೆ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ಅಲ್ಲಿಗೂ ಹೋಗಿ ಅಧ್ಯಯನ ಮಾಡಿದರು. ಮೇಲ್ಗಡೆ ಜಲಾಶಯ ಕಟ್ಟುವ ಆ ಯೋಚನೆ ಮುಂದೆ ಹಿರಾಕುಡ್ ಅಣೆಕಟ್ಟೆಯಾಯಿತು. 1955ರಲ್ಲಿ ಭಾರತರತ್ನ ಪಡೆದು, 1962ರ ಏಪ್ರಿಲ್‌ನಲ್ಲಿ ನೂರು ದಾಟಿದ ಮೇಲೆ ಅವರು ತೀರಿಕೊಂಡರು.

ಅವರ ಲೆಕ್ಕಕ್ಕೆ ಇನ್ನೂ ಅವಧಿ ಮುಗಿದಿಲ್ಲ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹೊರವಲಯದ ಘಟ್ಕೇಸರ್‌ನಲ್ಲಿ ಒಂದೇ ದಿನ ಸುಮಾರು 32 ಸೆಂಟಿಮೀಟರ್ ಮಳೆಯಾಯಿತು, 1908ರ ಶಂಶಾಬಾದಿನಷ್ಟೇ. ಹಳೆಯ ನಗರದ ಕಡೆ ಮತ್ತೆ ಕೆರೆಗಳು ಒಡೆದು ಮನೆಗಳಿಗೆ ನುಗ್ಗಿದವು. ಎರಡು ಸಾಗರಗಳ ಜಲಾನಯನದ 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡಗಳಿಗೆ 1996ರಲ್ಲಿ ಸರ್ಕಾರ ನಿರ್ಬಂಧ ಹಾಕಿತ್ತು. 2022ರಲ್ಲಿ ಅದನ್ನು ತೆಗೆಯುವ ಆದೇಶ ಬಂತು. ಕೆರೆಯ ಅಂಗಳ, ರಾಜಕಾಲುವೆಯ ಅಂಚು, ನದಿಯ ಪಾತ್ರ ನೋಡುವವರಿಗೆ ಖಾಲಿ ಜಾಗ. ನೀರಿಗೆ ಮಾತ್ರ ಅದು ತನ್ನದೇ ಮನೆ.

ಫ್ಲಾಟ್ ನೋಡಲು ಹೋದಾಗ ನಾವು ಲಿಫ್ಟ್, ಪವರ್ ಬ್ಯಾಕಪ್, ಶಾಲೆಯ ದೂರ ಎಲ್ಲ ಕೇಳುತ್ತೇವೆ. ಇಲ್ಲಿ ಮೊದಲು ಕೆರೆಯಿತ್ತೇ, ಮಳೆನೀರು ಯಾವ ದಿಕ್ಕಿಗೆ ಹೋಗುತ್ತದೆ, ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳುವವರು ಅಪರೂಪ. ನೀರು ನುಗ್ಗಿದ ಮೇಲೆ ಕೆಸರು ಬಳಿಯುವುದು, ಕುಡಿಯುವ ನೀರಿಗೆ ಪರದಾಡುವುದು, ಮಕ್ಕಳನ್ನೂ ಹಿರಿಯರನ್ನೂ ಮೇಲಿನ ಮಹಡಿಗೆ ಸಾಗಿಸುವುದು ಬಹುಪಾಲು ನಮ್ಮ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ. ಆದ್ದರಿಂದ ಮನೆ ಖರೀದಿಯ ಮಾತುಕತೆಯಲ್ಲಿ, ಅಪಾರ್ಟ್‌ಮೆಂಟ್ ಸಭೆಯಲ್ಲಿ ಈ ಪ್ರಶ್ನೆಗಳನ್ನು ಎತ್ತುವವರೂ ನಾವೇ ಆಗಬೇಕು. ಈ ವರ್ಷ ಸೆಪ್ಟೆಂಬರ್ 15ರ ಕಾರ್ಯಕ್ರಮದಲ್ಲಿ ಹಾರ ಹಾಕಿದ ಮೇಲೆ, ನಮ್ಮ ನಮ್ಮ ಬಡಾವಣೆಯ ಹಳೆಯ ನಕ್ಷೆಯೊಂದನ್ನು ಹುಡುಕಿ ತಂದು ಎಲ್ಲರೂ ಸೇರಿ ನೋಡಬಹುದಲ್ಲವೇ?