ಕಾಲ್ಬೆರಳಿಗೆ ಬಿದ್ದ ಪೆಟ್ಟು, ತೋಳಿಗೆ ಬಂದ ಕುತ್ತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮೈದಾನಗಳಲ್ಲಿ ವೇಗದ ಬೌಲಿಂಗ್ ಮಾಡುವ ಹುಡುಗರಿಗೆ ಬೇಸ್‌ಬಾಲ್ ದೂರದ ಆಟವಾಗಿರಬಹುದು; ಭುಜ, ಮೊಣಕೈಗಳ ನೋವು ಹೊಸದಲ್ಲ. ಆ ನೋವಿನ ಮೂಲ ತೋಳಿನಲ್ಲಿಯೇ ಇರಬೇಕೆಂದಿಲ್ಲ ಎಂಬುದಕ್ಕೆ ಅಮೆರಿಕದ ಡಿಜ್ಜಿ ಡೀನ್ ಅವರ ಬದುಕು ನಿದರ್ಶನ.

ಡೀನ್ ಜನಿಸಿದ್ದು 1910ರ ಜನವರಿ 16ರಂದು, ಅರ್ಕನ್ಸಾ ರಾಜ್ಯದ ಲೂಕಸ್‌ನಲ್ಲಿ. ತಂದೆ ಬಡ ಗೇಣಿದಾರ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರು ಹತ್ತಿ ಹೊಲಗಳಲ್ಲಿ ದುಡಿದರು. ಶಾಲೆಯ ಓದು ಅರ್ಧಕ್ಕೇ ನಿಂತಿತು. ಸೇನೆ ಸೇರಿದ ಮೇಲೆ ಚೆಂಡೆಸೆತದಲ್ಲಿ ಪಳಗಿದರು. 1932ರ ಹೊತ್ತಿಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪ್ರಮುಖ ಪಿಚರ್, ಅಂದರೆ ಚೆಂಡೆಸೆಗಾರ, ಎನಿಸಿದರು. 1934ರಲ್ಲಿ ಅವರ ಖಾತೆಗೆ 30 ಗೆಲುವುಗಳು ಸೇರಿದವು. ಅದೇ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಅವರೂ ತಮ್ಮ ಪಾಲ್ ಅವರೂ ತಲಾ 2 ಪಂದ್ಯ ಗೆದ್ದು ತಂಡಕ್ಕೆ ಕಿರೀಟ ತೊಡಿಸಿದರು.

1937ರ ಜುಲೈ 7ರಂದು ವಾಷಿಂಗ್ಟನ್‌ನಲ್ಲಿ ನಡೆದ ಆಲ್ ಸ್ಟಾರ್ ಪಂದ್ಯದಲ್ಲಿ ಅರ್ಲ್ ಅವೆರಿಲ್ ಬಾರಿಸಿದ ಚೆಂಡು ಡೀನ್ ಅವರ ಎಡಗಾಲಿನ ಹೆಬ್ಬೆರಳನ್ನು ಮುರಿಯಿತು. ಮೂಳೆ ಪೂರ್ತಿ ಕೂಡುವ ಮುನ್ನವೇ ಅವರು ಕಣಕ್ಕಿಳಿದರು. ಬಲಗೈ ಎಸೆಗಾರನ ದೇಹಭಾರವನ್ನು ಹೊರುವುದು ಎಡಗಾಲು. ಕಾಲು, ಸೊಂಟಗಳಿಂದ ಏರಿ ಬರುವ ಬಲವೇ ಎಸೆತದ ಜೀವಾಳ; ಅದು ಕುಂದಿದರೆ ಹೊರೆಯೆಲ್ಲ ಭುಜ, ಮೊಣಕೈಗಳ ಮೇಲೆ ಬೀಳುತ್ತದೆ. ಬೆರಳಿನ ನೋವು ತಪ್ಪಿಸಲು ಡೀನ್ ಎಸೆತದ ಭಂಗಿ ಬದಲಿಸಿದರು, ತೋಳು ಕೆಟ್ಟಿತು.

1938ರಲ್ಲಿ ಚಿಕಾಗೊ ಕಬ್ಸ್ ತಂಡವು 1,85,000 ಡಾಲರ್ ಹಾಗೂ ಮೂವರು ಆಟಗಾರರನ್ನು ಕೊಟ್ಟು ಅವರನ್ನು ಪಡೆಯಿತು. ವೇಗ ಕಳೆದುಕೊಂಡಿದ್ದ ಅವರು ಚಾತುರ್ಯದಿಂದಲೇ ಆ ವರ್ಷ 7 ಪಂದ್ಯ ಗೆದ್ದರು. ಆದರೆ 1941ರಲ್ಲಿ, 31ನೆಯ ವಯಸ್ಸಿಗೇ, ನಿವೃತ್ತರಾಗಬೇಕಾಯಿತು. ಬಳಿಕ ವೀಕ್ಷಕ ವಿವರಣೆಗಾರರಾಗಿ ಮನೆಮಾತಾದರು. 1953ರಲ್ಲಿ ಹಾಲ್ ಆಫ್ ಫೇಮ್ ಗೌರವ ಸಂದಿತು.

1974ರ ಜುಲೈ 17ರಂದು ಡೀನ್ ನಿಧನರಾದರು. ಅಂದೇ ಲಾಸ್ ಏಂಜಲೀಸ್‌ನಲ್ಲಿ ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈ ಅಸ್ಥಿರಜ್ಜು ಹರಿಯಿತು. ಸೆಪ್ಟೆಂಬರ್ 25ರಂದು ಡಾ. ಫ್ರ್ಯಾಂಕ್ ಜೋಬ್ ಆತನದೇ ಮುಂಗೈಯ ಸ್ನಾಯುರಜ್ಜನ್ನು ಅಲ್ಲಿಗೆ ಕಸಿ ಮಾಡಿದರು. 1976ರಲ್ಲಿ ಮರಳಿದ ಜಾನ್ 1989ರವರೆಗೆ ಆಡಿದರು.

ಜಾನ್ ಒಂದು ಋತುವನ್ನು ಪೂರ್ತಿ ವಿಶ್ರಾಂತಿ, ಆರೈಕೆಗಳಿಗೆ ಮೀಸಲಿಟ್ಟರು. ಡೀನ್ ಅವರು ಕೆಲವೇ ವಾರಗಳ ಬಿಡುವನ್ನೂ ಪೂರ್ತಿ ಪಡೆಯಲಿಲ್ಲ. ಕುಂಟುತ್ತಲೇ ಚೆಂಡು ಹಿಡಿಯುವ ನಮ್ಮ ಹುಡುಗರೂ ಅವರ ತರಬೇತುದಾರರೂ ಮರೆಯಬಾರದ ವ್ಯತ್ಯಾಸವಿದು.